ಸಿಟಿ ಸೆಟ್ಟು, ಕಾಡಿನ ಸೆಟ್ಟು

ನಮ್ಮ ಯಜಮಾನರ ಪ್ರಕಾರ ಹೊನ್ನಾಳಿ ಸಿಟಿ, ಜಗಳೂರು ಕಾಡು. ಜಗಳೂರು ನನ್ನ ತವರು. ಈ ಮಾತನ್ನು ಅವರು ಮೊದಲ ಸಲ ಹೇಳಿದಾಗ ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದೆ, ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಅವರ ಪುಣ್ಯ, ಗಿರಾಕಿಯೊಬ್ಬರು ಎದುರಿಗೇ ಇದ್ದರು.

ಗಿರಾಕಿ ಹೋದ ಮೇಲೆ ಕೇಳಿದೆ: "ನಮ್ಮೂರು ಕಾಡೇನ್ರಿ?"

"ಹಂಗಲ್ಲ ಕಣೇ. ಆ ಕಡೆ ಕರಡಿ ಐತಂತೆ. ಕರಡಿ ಇದ್ದ ಮೇಲೆ ಅದು ಔಟ್‌ಡೋರ್ ಲೆಕ್ಕಕ್ಕೆ ಬರ್ತೈತೆ."

ಅಲ್ಲೇ ಹುಟ್ಟಿ ಬೆಳೆದವಳು ನಾನು. ನಾನು ಅಲ್ಲಿ ಕಂಡ ಒಂದೇ ಕರಡಿಯೆಂದರೆ ಮದುವೆಯಾದ ಹೊಸದರಲ್ಲಿ ಚಳಿಗೆ ಕರಿ ಕಂಬಳಿ ಹೊದ್ದು ನಮ್ಮಪ್ಪನ ಜಗಲಿ ಮೇಲೆ ಕೂತಿದ್ದ ಇವರೇ. ಅದನ್ನೂ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಸಾಮಾನುಗಳನ್ನು ಚಾಪೆಯ ಮೇಲೆ ಎರಡು ಗುಂಪು ಮಾಡುವುದರಲ್ಲಿ ಮುಳುಗಿದ್ದರು. ಒಂದು ಗುಂಪು ಸಿಟಿ ಸೆಟ್ಟು, ಇನ್ನೊಂದು ಕಾಡಿನ ಸೆಟ್ಟು.

ಇದಕ್ಕೆ ಎವ್ರಿಡೇ ಕ್ಯಾರಿ ಅನ್ನುತ್ತಾರಂತೆ. ಗಂಡಸಾದವನು ಮನೆ ಬಿಟ್ಟು ಹೊರಗೆ ಹೊರಟರೆ ಮೈಮೇಲೆ ಏನೇನು ಇಟ್ಟುಕೊಂಡಿರಬೇಕು, ಯಾವುದನ್ನು ಯಾವ ಜೇಬಿನಲ್ಲಿ ಇಡಬೇಕು ಎನ್ನುವ ಶಾಸ್ತ್ರ. ಇವರು ಅದನ್ನು ಫೋನಿನಲ್ಲಿ ಕಲಿತರು. ಬೇರೆ ಯಾವುದೋ ದೇಶದ ಗಡ್ಡದವನೊಬ್ಬ ಮೇಜಿನ ಮೇಲೆ ಚಾಕುಗಳನ್ನು ಜೋಡಿಸಿ, ತೆಗೆದು, ಮತ್ತೆ ಜೋಡಿಸುತ್ತಿದ್ದ. ಇವರು ಊಟದ ತಟ್ಟೆ ಮುಂದಿಟ್ಟುಕೊಂಡು ಅವನನ್ನೇ ನೋಡುತ್ತಿದ್ದರು. ಆಮೇಲೆ ಪಾರ್ಸಲ್ಲುಗಳು ಬರತೊಡಗಿದವು. ಸೊಂಟಕ್ಕೆ ಸಿಕ್ಕಿಸುವ ಮಡಚುವ ಚಾಕು. ಕೀ ಗೊಂಚಲಿಗೆ ಹಾಕುವ ಬೆರಳುದ್ದದ ಚಾಕು. ಬಿಚ್ಚಿದರೆ ಇಕ್ಕಳ, ಇನ್ನೊಮ್ಮೆ ಬಿಚ್ಚಿದರೆ ಗರಗಸ, ಮತ್ತೊಮ್ಮೆ ಬಿಚ್ಚಿದರೆ ಮಡಚಲಾಗದೆ ನನ್ನನ್ನು ಕರೆಯುವಂಥ ಇನ್ನೊಂದು. ದಿಕ್ಕು ತೋರಿಸುವ ಡಬ್ಬಿ. ಮಳೆಯಲ್ಲೂ ಕಿಡಿ ಹಾರಿಸುವ ಕಡ್ಡಿ. ನಮ್ಮ ಪಕ್ಕದ ಮನೆಯೇ ಕಿರಾಣಿ ಅಂಗಡಿ, ಬೇಕಾದಷ್ಟು ಬೆಂಕಿಪೆಟ್ಟಿಗೆ ಇವೆ ಎಂದು ಹೇಳಿ ನೋಡಿದೆ.

"ಕಾಡಲ್ಲಿ ಕಿರಾಣಿ ಅಂಗಡಿ ಇರಲ್ಲ" ಎಂದರು.

"ಜಗಳೂರಲ್ಲಿ ಬೀದಿಗೊಂದು ಐತೆ ಕಣ್ರಿ!"

ಇವನ್ನೆಲ್ಲ ಇಡಲು ಚೀಲ ಬೇಕಲ್ಲ, ಅದು ನನ್ನ ತಲೆಗೆ ಬಂತು. ಗಡ್ಡದವನ ಚೀಲ ಮಿಲಿಟರಿ ಬಣ್ಣದ್ದು, ಒಳಗೆ ಅರೆಗಳ ಮೇಲೆ ಅರೆಗಳು. ನನ್ನ ಹತ್ತಿರ ಇದ್ದದ್ದು ಆಟೋ ಸೀಟಿಗೆ ಹೊದಿಸಿ ಉಳಿದ ರೆಕ್ಸಿನ್ನು ಮತ್ತು ರವಿಕೆಗೆ ಹಾಕುವ ಗಿಳಿಹಸಿರು ಲೈನಿಂಗ್ ಬಟ್ಟೆ. ಅದರಲ್ಲೇ ಎರಡು ಚೀಲ ಹೊಲಿದುಕೊಟ್ಟೆ. ಹೊರಗಿನಿಂದ ಪರವಾಗಿರಲಿಲ್ಲ. ಜಿಪ್ಪು ಎಳೆದರೆ ಮಾತ್ರ ಒಳಗೆ ಮದುವೆ ಹೆಣ್ಣಿನ ರವಿಕೆ ಇದ್ದಂತೆ ಇತ್ತು. ಅವರು ಬೇಸರಪಟ್ಟುಕೊಳ್ಳಲಿಲ್ಲ, "ಕತ್ತಲಲ್ಲಿ ಬೇಗ ಕಾಣ್ತೈತೆ ಬಿಡು" ಎಂದು ಅದಕ್ಕೂ ಒಂದು ಉಪಯೋಗ ಹುಡುಕಿದರು.

ಇಷ್ಟಕ್ಕೆಲ್ಲ ಕಾರಣ ನನಗೆ ಗೊತ್ತಿಲ್ಲದ್ದೇನಲ್ಲ. ಇವರು ಲೈನ್‌ಮನ್ ಆಗಿದ್ದವರು. ನಾವಿರುವ ನ್ಯಾಮತಿಯಲ್ಲಿ ಕರೆಂಟ್ ಹೋದರೆ ಜನ ನೇರ ನಮ್ಮ ಬಾಗಿಲಿಗೆ ಬರುತ್ತಿದ್ದರು. "ಅಣ್ಣಾ, ನಮ್ಮ ಬೀದೀಲಿ ಕರೆಂಟ್ ಇಲ್ಲ, ಒಸಿ ಬರ್ರಿ" ಎಂದು ಕರೆದರೆ ಇವರು ಕೈಯಲ್ಲಿದ್ದ ತುತ್ತನ್ನೂ ಬಿಟ್ಟು ಏಳುತ್ತಿದ್ದರು. ಸೊಂಟದಲ್ಲಿ ಕಟಿಂಗ್ ಪ್ಲೇಯರ್, ಟೆಸ್ಟರ್ ಸದಾ ಇರುತ್ತಿದ್ದವು. ಮದುವೆ ಮನೆಗೂ ಅವನ್ನು ಸಿಕ್ಕಿಸಿಕೊಂಡೇ ಬರುತ್ತಿದ್ದರು. ನಿವೃತ್ತಿಯ ದಿನ ಆಫೀಸಿನಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಕಟಿಂಗ್ ಪ್ಲೇಯರನ್ನು ವಾಪಸ್ ಇಸಿದುಕೊಂಡರು. ಆಮೇಲೆ ಕರೆಂಟ್ ಹೋದರೆ ಜನ ಹೊಸ ಲೈನ್‌ಮನ್‌ಗೆ ಫೋನ್ ಮಾಡತೊಡಗಿದರು. ಇವರು ಕತ್ತಲೆಯಲ್ಲಿ ಬಾಗಿಲ ಬಳಿ ನಿಂತು ಬೀದಿಯ ಎರಡೂ ಕಡೆ ನೋಡಿ ಒಳಗೆ ಬರುತ್ತಿದ್ದರು. ಚಾಕುಗಳು ಬಂದದ್ದು ಅದಾದ ಮೇಲೆ. ಒಂದಲ್ಲ ಒಂದು ದಿನ ಯಾರಾದರೂ ಏನಾದರೂ ಕೇಳಿಯೇ ಕೇಳುತ್ತಾರೆ, ಆಗ ತಮ್ಮ ಹತ್ತಿರ ಅದು ಇರಬೇಕು. ಅವರಿಗೆ ಬೇಕಾಗಿದ್ದದ್ದು ಇಷ್ಟೇ.

ಹಾಳಾದ ಜನ, ಯಾರೂ ಕೇಳುತ್ತಿರಲಿಲ್ಲ. ಹೊನ್ನಾಳಿ ಬಸ್ಸಿನಲ್ಲಿ ಪಕ್ಕದವನು ಮೂಟೆಯ ಬಾಯಿಗೆ ಹೊಲಿದ ಹುರಿ ಬಿಚ್ಚಲು ಒದ್ದಾಡುತ್ತಿದ್ದ. ಇವರ ಕೈ ಆಗಲೇ ಸೊಂಟಕ್ಕೆ ಹೋಗಿತ್ತು. ಅವನು ಹಲ್ಲಿನಲ್ಲಿ ಹುರಿ ಕಚ್ಚಿ ಹರಿದು ಕಿಟಕಿಯಿಂದಾಚೆ ಉಗುಳಿದ. ನಮ್ಮ ಬೀದಿಯ ಮಗುವೊಂದರ ಹುಟ್ಟುಹಬ್ಬಕ್ಕೆ ಹೋದರೆ ಕೇಕಿನ ಜೊತೆಯಲ್ಲೇ ಪ್ಲಾಸ್ಟಿಕ್ ಚಾಕು ಬಂದಿತ್ತು. ಇವರು ಅದನ್ನು ಕೈಗೆ ತೆಗೆದುಕೊಂಡು, ಬಗ್ಗಿಸಿ ನೋಡಿ, "ಇದು ಚಾಕೇನ್ರಿ?" ಎಂದು ಆ ಮಗುವಿನ ಅಪ್ಪನನ್ನು ವಿಚಾರಿಸಿಕೊಂಡರು. ನಾನು ತಲೆ ತಗ್ಗಿಸಿ ಕೇಕು ತಿಂದೆ.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಚಾಕು, ಕತ್ತರಿ, ಕುಡುಗೋಲು, ಏನೇ ಇರಲಿ, ನೆಲಕ್ಕೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಕೊಟ್ಟವರಿಗೂ ಇಸಿದುಕೊಂಡವರಿಗೂ ಜಗಳವಾಗುತ್ತದಂತೆ. ಮದುವೆಯಾದಂದಿನಿಂದ ಈ ನೇಮವನ್ನು ನಾವಿಬ್ಬರೂ ತಪ್ಪದೆ ಪಾಲಿಸಿದ್ದೇವೆ, ಮದುವೆಯಾದಂದಿನಿಂದ ತಪ್ಪದೆ ಜಗಳವನ್ನೂ ಆಡಿದ್ದೇವೆ. ಆದರೂ ಇವರಿಗೆ ಇದರ ಮೇಲೆ ಭಾರಿ ನಂಬಿಕೆ. ವಿಡಿಯೋದಲ್ಲಿ ಆ ಗಡ್ಡದವನು ಚಾಕುವನ್ನು ಹೆಂಡತಿಯ ಕೈಗೇ ಕೊಟ್ಟಾಗ, "ಅಯ್ಯೋ, ಕೊಟ್ಟೇ ಬಿಟ್ಟ ನೋಡು ಪಾಪ" ಎಂದು ಮರುಗಿದರು.

ಹೀಗಿರುವಾಗ ಚನ್ನಗಿರಿಯಲ್ಲಿ ನನ್ನ ತಂಗಿಯ ಗಂಡ ಮೋಟರು, ಪೈಪಿನ ಅಂಗಡಿ ತೆರೆದ. ಉದ್ಘಾಟನೆಗೆ ಆ ಕಡೆಯ ಮುಖಂಡರೊಬ್ಬರು ಬರುವವರಿದ್ದರು. ನಾವೂ ಹೊರಟೆವು. ಹೊರಡುವ ಮುಂಚೆ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಚನ್ನಗಿರಿ ಸಿಟಿಯೋ ಕಾಡೋ?

"ಪೇಟೆ ಸಿಟೀನೇ. ಆದ್ರೆ ಸುತ್ತ ಗುಡ್ಡ ಐತಲ್ಲ" ಎಂದು ಇವರು ಯೋಚನೆಗೆ ಬಿದ್ದರು.

"ಗುಡ್ಡ ಹತ್ತಾಕೆ ಹೊಂಟಿಲ್ಲ ನಾವು, ಊಟ ಮಾಡಾಕೆ ಹೊಂಟಿರೋದು. ಏಳ್ರಿ, ಬಸ್ಸು ಹೋಗ್ತೈತೆ."

ಕೊನೆಗೆ ಎರಡೂ ಸೆಟ್ಟು ಏರಿಸಿಕೊಂಡರು. ಸೊಂಟದ ಎರಡೂ ಕಡೆ ಚೀಲ, ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಎದುರಿನಿಂದ ನೋಡಿದರೆ ಸೊಂಟಕ್ಕೆ ಬಾವು ಬಂದವರ ಹಾಗಿದ್ದರು. ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಕೂಡ ಇವರಿಗೆ ಪಾಪ ಎಂದು ಮುಂದಿನ ಸೀಟು ಬಿಡಿಸಿಕೊಟ್ಟ.

ಅಂಗಡಿಯ ಮುಂದೆ ಶಾಮಿಯಾನ, ಬಾಳೆಕಂಬ, ಬಾಗಿಲಿಗೆ ಅಡ್ಡ ಕೆಂಪು ಟೇಪು. ಮುಖಂಡರು ತಡವಾಗಿ ಬಂದರು, ಜೊತೆಗೊಬ್ಬ ಗನ್‌ಮ್ಯಾನ್. ತಂಗಿ ಹರಿವಾಣ ಹಿಡಿದು ನಿಂತಳು. ಹರಿವಾಣದಲ್ಲಿ ಕುಂಕುಮ ಇತ್ತು, ಹೂವು ಇತ್ತು, ಕತ್ತರಿ ಇರಲಿಲ್ಲ. ಹೊಸ ಕತ್ತರಿ ತಂದಿದ್ದಾರೆ, ಅದು ಮನೆಯಲ್ಲೇ ಉಳಿದಿದೆ. ತಂಗಿ ನನ್ನ ಕಡೆ ತಿರುಗಿದಳು.

"ಅಕ್ಕ, ನೀನು ಟೈಲರ್ ಅಲ್ವೇನೇ? ನಿನ್ನ ಹತ್ರ ಇಲ್ವಾ?"

"ರೇಷ್ಮೆ ಸೀರೆ ಉಟ್ಟು ಸೆರಗಲ್ಲಿ ಕತ್ತರಿ ಗಂಟು ಹಾಕ್ಕೊಂಡು ಬರಬೇಕಿತ್ತೇನೇ?" ಎಂದೆ. ಅವಳ ಗಂಡನ ಮುಖ ಬೆವರುತ್ತಿತ್ತು. ಮುಖಂಡರಿಗೆ ಇನ್ನೊಂದು ಕಡೆ ಹೋಗುವುದಿತ್ತು. ಅವರು ಜನರ ಕಡೆ ತಿರುಗಿ ಜೋರಾಗಿ ಕೇಳಿದರು:

"ಯಾರ ಹತ್ರನಾದ್ರೂ ಒಂದು ಚಾಕು ಐತೇನ್ರಪ್ಪಾ?"

ನಾನು ಇವರ ಮುಖ ನೋಡಿದೆ. ನಿವೃತ್ತಿಯಾದ ಮೇಲೆ ಆ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ. "ಐತೆ ಸಾರ್!" ಎಂದು ಕೈಯೆತ್ತಿ, ಜನರನ್ನು ಸರಿಸಿಕೊಂಡು ಮುಂದೆ ಹೋದರು. ಅಂಗಿ ಎತ್ತಿ, ಇರುವುದರಲ್ಲೇ ದೊಡ್ಡದನ್ನು ತೆಗೆದು, ಟಕ್ ಎಂದು ಬಿಚ್ಚಿದರು. ಮುಖಂಡರು ಕೈ ಚಾಚಿದರು.

ಬೇರೆ ಯಾರಾಗಿದ್ದರೂ ಆ ಕೈಗೆ ಕೊಟ್ಟು ಮುಗಿಸುತ್ತಿದ್ದರು. ಇವರು ಕೊಡುತ್ತಾರೆಯೇ? ಷಡ್ಡಕನ ಹೊಸ ಅಂಗಡಿ, ಶುಭದ ದಿನ, ದೊಡ್ಡ ಮನುಷ್ಯರ ಜೊತೆ ಜಗಳ ಕಟ್ಟಿಕೊಳ್ಳುವುದುಂಟೇ? ಚಾಚಿದ ಕೈಯನ್ನು ದಾಟಿ, ಅವರ ಕಾಲ ಬಳಿ ನೆಲಕ್ಕಿಡಲು ಸರ್ರನೆ ಬಗ್ಗಿದರು.

ಗನ್‌ಮ್ಯಾನ್‌ಗೆ ಕಂಡದ್ದು, ಯಾರೋ ಒಬ್ಬ ಬಿಚ್ಚಿದ ಚಾಕು ಹಿಡಿದು ಸಾಹೇಬರ ಮೊಣಕಾಲಿಗೆ ನುಗ್ಗಿದ್ದು. ಹಿಂದಿನಿಂದ ತಬ್ಬಿ ಹಿಡಿದು ಇವರನ್ನು ಎತ್ತಿಯೇ ಬಿಟ್ಟ. ಮುಖಂಡರು "ಅಯ್ಯಯ್ಯೋ" ಎಂದು ಹಿಂದಕ್ಕೆ ಹಾರಿದರು. ಹಿಂದೆ ಟೇಪು ಇತ್ತು. ಅವರ ಹಿಂಭಾಗ ತಗುಲಿ ಟೇಪು ಪಟ್ಟೆಂದು ಹರಿದು, ಅವರು ಪೈಪುಗಳ ನಡುವೆ ಅಂಗಡಿಯೊಳಗೆ ಕೂತರು. ಟೇಪು ಹರಿದದ್ದು ಕಂಡ ಕೂಡಲೇ ಹಿಂದಿನ ಸಾಲಿನವರು ರೂಢಿಯಂತೆ ಚಪ್ಪಾಳೆ ತಟ್ಟಿದರು. ಫೋಟೋದವನೂ ಕ್ಲಿಕ್ ಎನಿಸಿದ. ಅಂಗಡಿ ಉದ್ಘಾಟನೆಯಾಯಿತು.

ಆಮೇಲೆ ಗನ್‌ಮ್ಯಾನ್ ಇವರನ್ನು ಹೊಸ ಕೌಂಟರಿನ ಮುಂದೆ ನಿಲ್ಲಿಸಿ ಎರಡೂ ಚೀಲದ ಜಿಪ್ಪು ಎಳೆದ. ಗಿಳಿಹಸಿರಿನೊಳಗಿಂದ ಚಾಕುಗಳು, ಗರಗಸ, ಸೀಟಿ, ಟಾರ್ಚು, ದಿಕ್ಕಿನ ಡಬ್ಬಿ ಒಂದೊಂದೇ ಕೌಂಟರಿಗೆ ಬಂದವು. ಊಟಕ್ಕೆಂದು ಬಂದವರೆಲ್ಲ ಎಲೆ ಬಿಟ್ಟು ಇಲ್ಲಿ ಸೇರಿದರು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಹೋಗಲಿ, ಇವರಿಗೆ ಮಂಗಳಾರತಿ ಮಾಡುತ್ತೇನೆ ಎಂದುಕೊಂಡೆ.

"ಎಲ್ಲಿಗೆ ಹೊಂಟಿದ್ರಿ ಇಷ್ಟೆಲ್ಲಾ ತಗೊಂಡು?" ಎಂದ ಗನ್‌ಮ್ಯಾನ್.

"ಇಲ್ಲಿಗೇ."

"ಯಾತಕ್ಕೆ ಬೇಕ್ರಿ ನಿಮಗೆ ಇವೆಲ್ಲಾ, ಈ ವಯಸ್ನಾಗೆ?"

ಇವರು ಅಂಗಿಯ ತುದಿ ಎಳೆದುಕೊಂಡರು. "ಯಾರಾದ್ರೂ ಕೇಳ್ತಾರೇನೋ ಅಂತ ಸಾರ್" ಎಂದರು.

ಜನ ಗೊಳ್ಳೆಂದು ನಕ್ಕರು. ಬೇರೆ ದಿನವಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ. ಅವತ್ತು ನನಗೆ ನಕ್ಕವರ ಮೇಲೆ ಸಿಟ್ಟು ಬಂತು. ಇವರನ್ನು ನೋಡಿ ನಗುವ ಹಕ್ಕು ಇರುವುದು ನನಗೆ, ಕಂಡ ಕಂಡವರಿಗಲ್ಲ. "ಚಾಕು ಕೇಳಿದ್ದು ನಿಮ್ಮ ಸಾಹೇಬ್ರೇ ತಾನೇ? ಕೊಡಾಕೆ ಹೋದರೆ ಹಿಂಗಾ ಮಾಡೋದು?" ಎಂದು ಕೂಗಿದೆ. ಮುಖಂಡರು ಪಂಚೆ ಕೊಡವಿಕೊಂಡು ಬಂದು, "ಬಿಡ್ರಿ ಬಿಡ್ರಿ, ಹಿರಿಯರು" ಎಂದು ಸಾಮಾನು ವಾಪಸ್ ಕೊಡಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ಅಂಗಿಯನ್ನು ಎಳೆದೆಳೆದು ಚೀಲಗಳನ್ನು ಮುಚ್ಚಿಕೊಂಡು ಕೂತರು. ನಾನು ಮಂಗಳಾರತಿಯನ್ನು ಎತ್ತಲಿಲ್ಲ. ಮನೆಗೆ ಬಂದವರೇ ಎರಡೂ ಚೀಲವನ್ನು ಟ್ರಂಕಿಗೆ ಹಾಕಿ, ಟ್ರಂಕನ್ನು ಅಟ್ಟಕ್ಕೆ ಏರಿಸಿದರು. ಗಡ್ಡದವನ ವಿಡಿಯೋ ನಿಂತಿತು. ಪಾರ್ಸಲ್ ನಿಂತಿತು. ನನಗೆ ಬೇಕಾಗಿದ್ದದ್ದೂ ಅದೇ ಅಲ್ಲವೇ, ಖುಷಿಯಾಗಬೇಕಿತ್ತು. ಆದರೆ ಇವರು ದಿನವಿಡೀ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುವುದು, ಆಗಾಗ ಕೈ ತಾನಾಗಿ ಸೊಂಟಕ್ಕೆ ಹೋಗುವುದು, ಅಲ್ಲಿ ಏನೂ ಇಲ್ಲದೆ ಮತ್ತೆ ತೊಡೆಯ ಮೇಲೆ ಬಂದು ಕೂರುವುದು, ಇದನ್ನು ನೋಡಲು ನನ್ನಿಂದ ಆಗಲಿಲ್ಲ. ಅದಕ್ಕಿಂತ ನನ್ನ ತವರನ್ನು ಕಾಡು ಅಂದರೂ ಪರವಾಗಿಲ್ಲ ಎನಿಸಿತು.

ಒಂದು ಮಧ್ಯಾಹ್ನ ಗಿರಾಕಿಯ ರವಿಕೆ ಹೊಲಿದು ಮುಗಿಸಿದ್ದೆ. ತೋಳಿನ ತುದಿಯಲ್ಲಿ ದಾರ ಉಳಿದಿತ್ತು. ಕತ್ತರಿ ನನ್ನ ತೊಡೆಯ ಮೇಲೇ ಇತ್ತು. ಅದನ್ನು ಬಟ್ಟೆ ಚೂರುಗಳ ಕೆಳಗೆ ತಳ್ಳಿದೆ.

"ರೀ, ಈ ದಾರ ಕತ್ತರಿಸಾಕೆ ನಿಮ್ಮ ಹತ್ರ ಏನಾದ್ರೂ ಐತೇನ್ರಿ?"

ಅವರು ತಲೆಯೆತ್ತಿದರು. "ನಿನ್ನ ಕತ್ತರಿ?"

"ಎಲ್ಲಿ ಸತ್ತೈತೋ ಏನೋ, ಸಿಗ್ತಿಲ್ಲ."

ಬಟ್ಟೆ ಚೂರಿನ ಕೆಳಗಿನಿಂದ ಕತ್ತರಿಯ ಹಿಡಿ ಇಣುಕುತ್ತಿತ್ತು. ಅವರು ಅದನ್ನು ನೋಡಿದರು, ನನ್ನನ್ನೂ ನೋಡಿದರು. ಎದ್ದು ಏಣಿ ತಂದರು. ಅಟ್ಟದ ಮೇಲೆ ಟ್ರಂಕು ತೆರೆದ ಸದ್ದು ಕೇಳಿಸಿತು. ಅಲ್ಲಿಂದಲೇ ಕೂಗಿದರು:

"ಯಾವುದು ಬೇಕೇ? ಸಿಟೀದೋ, ಕಾಡಿಂದೋ?"

"ಕಾಡಿಂದೇ ತರ್ರಿ. ಜಗಳೂರಿನೋಳು ನಾನು."

ಇಳಿದು ಬಂದರು. ಟಕ್ ಎಂದು ಚಾಕು ಬಿಚ್ಚಿ, ಹಿಡಿಯನ್ನು ನನ್ನ ಕಡೆ ತಿರುಗಿಸಿ, ನೆಲಕ್ಕಿಡಲು ಬಗ್ಗಿದರು. ಮೊಣಕಾಲು ಹಿಡಿದುಕೊಂಡು ನಿಧಾನ ಬಗ್ಗುತ್ತಿದ್ದರು. ನಾನು ಕೈ ಚಾಚಿದೆ.

"ಕೈಗೇ ಕೊಡ್ರಿ. ಇನ್ಯಾವ ಜಗಳ ಬಾಕಿ ಐತೆ ನಮಗೆ?"

ಅರ್ಧ ಬಗ್ಗಿದವರು ನೆಟ್ಟಗಾಗಿ ಕೈಗೇ ಕೊಟ್ಟರು. ನಾನು ದಾರಕ್ಕೆ ಇಟ್ಟು ಎಳೆದೆ. ದಾರದ ಜೊತೆ ಗಿರಾಕಿಯ ರವಿಕೆಯ ತೋಳೂ ಬೆರಳುದ್ದ ಸೀಳಿಹೋಯಿತು. ಸೀಳನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಒಳ್ಳೆ ಹರಿತ ಐತೆ ಕಣ್ರಿ" ಎಂದೆ. ಅವರು ಇನ್ನೊಂದು ದಾರವೇನಾದರೂ ಇದೆಯೇ ಎಂದು ಅಲ್ಲೇ ನಿಂತು ನೋಡುತ್ತಿದ್ದರು.