ಬೆಟ್ಟಯ್ಯನ ಹೆಸರಿಲ್ಲದ ಕಾರ್ಡು

ಉಪ್ಪಾರಹಳ್ಳಿಯ ನಮ್ಮ ಎದುರು ಮನೆ ಬೆಟ್ಟಯ್ಯನನ್ನು ಕಂಡರೆ ಬಹಳ ವರ್ಷಗಳ ಕಾಲ ನನಗೆ ಆಗುತ್ತಿರಲಿಲ್ಲ. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಸೀಟಿ ಊದಿ ಪ್ರೈವೇಟ್ ಬಸ್ಸುಗಳನ್ನು ಹೊರಡಿಸುವುದು ಅವನ ಕೆಲಸ. ಆ ಸೀಟಿಯನ್ನು ಮನೆಗೂ ತರುತ್ತಿದ್ದ. ಒಂದು ಸಲ ಊದಿದರೆ ನೀರು, ಎರಡು ಸಲಕ್ಕೆ ಮುದ್ದೆ. ಅಪ್ಪ ಅಮ್ಮ ತೀರಿಕೊಂಡು, ಎಂಟನೇ ವಯಸ್ಸಿನಲ್ಲಿ ಅವನ ಮನೆ ಸೇರಿದ ತಂಗಿ ಮಗಳು ತ್ರಿವೇಣಿ ಓಡಿ ಬರಬೇಕು. ತಡವಾದರೆ ತಲೆಗೆ ಮೊಟಕು, ಬೆನ್ನಿಗೆ ಬೆಲ್ಟು. ಗುಬ್ಬಿ ಬಸ್ಸಿಗೆ ಹತ್ತು ನಿಮಿಷ ತಡವಾದರೂ ಸುಮ್ಮನಿರುತ್ತಿದ್ದ ಮಹಾಶಯ ಮಗುವಿಗೆ ಮಾತ್ರ ಶಿಸ್ತು ಕಲಿಸುತ್ತಿದ್ದ. ಅವನ ಅಂಗಿ ಗುಂಡಿ ಒಂದು ದಿನವೂ ಸರಿಯಾದ ತೂತು ಸೇರಿದ್ದಿಲ್ಲ, ಶಿಸ್ತಂತೆ. ಅಳು ಕೇಳಿದರೆ ನಾವು ಟಿವಿ ಸೌಂಡು ಜಾಸ್ತಿ ಮಾಡುತ್ತಿದ್ದೆವು. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಹೋಗಿ ಬಾಗಿಲು ಬಡಿಯುತ್ತಿದ್ದವಳು ಪಕ್ಕದ ಮನೆಯಲ್ಲಿ ಇಡ್ಲಿ ಮಾರುತ್ತಿದ್ದ ರಂಗಲಕ್ಷ್ಮಮ್ಮ ಒಬ್ಬಳೇ.

2001ರಲ್ಲಿ ತ್ರಿವೇಣಿ ಪಿಯುಸಿಗೆಂದು ಕ್ಯಾತ್ಸಂದ್ರದ ಒಂದು ಹಾಸ್ಟೆಲ್ ಸೇರಿದವಳು ಮನೆ ಕಡೆ ತಲೆ ಹಾಕಲಿಲ್ಲ. ಬೆಟ್ಟಯ್ಯ ಅಭ್ಯಾಸಬಲದಿಂದ ಸೀಟಿ ಊದುವುದು, ಯಾರೂ ಬಾರದಿದ್ದಾಗ ತಾನೇ ಎದ್ದು ಹೋಗಿ ನೀರು ಕುಡಿಯುವುದು. ಮೂರು ತಿಂಗಳು ಹೀಗೇ ನಡೆಯಿತು. ಕೊನೆಗೊಂದು ಭಾನುವಾರ ಕೋಡುಬಳೆ ಕಟ್ಟಿಸಿಕೊಂಡು ಹಾಸ್ಟೆಲಿಗೆ ಹೋದ.

ಗೇಟಿನಲ್ಲಿ ವಾಚ್‌ಮನ್ ಅಂಜನಪ್ಪ ಗಾರ್ಡಿಯನ್ ಕಾರ್ಡು ತೆಗೆದ. ಯಾರು ಬಂದರೆ ಒಳಗೆ ಬಿಡಬೇಕೆಂದು ಹುಡುಗಿಯೇ ಬರೆದುಕೊಟ್ಟ ಕಾರ್ಡು ಅದು.

"ನಿಮ್ಮೆಸ್ರಿಲ್ಲ."

"ನಾನು ಸೋದರಮಾವ ಕಣಯ್ಯ. ಸಾಕಿದವ್ನು."

"ರಂಗಲಕ್ಷ್ಮಮ್ಮ ಅಂತದೆ. ನೀವಾ?"

ಬೆಟ್ಟಯ್ಯ ಮೀಸೆ ಮುಟ್ಟಿ ನೋಡಿಕೊಂಡು, ಅಲ್ಲ ಎಂದ.

ವಾಪಸ್ ಬಂದು ನಮ್ಮ ಜಗಲಿಯ ಮೇಲೆ ಕೂತು, ಕೋಡುಬಳೆ ಕಡಿಯುತ್ತಲೇ ಅತ್ತ. "ಎಂಟೊರ್ಸ ಸಾಕಿದೀನಿ. ಇಡ್ಲಿಯೋಳ ಹೆಸ್ರು ಬರ್ದವ್ಳೆ."

"ಹೊಡ್ದಿದ್ದೂ ಎಂಟೊರ್ಸ," ಎಂದಳು ಅಲ್ಲೇ ನಿಂತಿದ್ದ ರಂಗಲಕ್ಷ್ಮಮ್ಮ.

ಅವನು ಅಗಿಯುವುದನ್ನು ನಿಲ್ಲಿಸಿದ.

ಮುಂದಿನ ಭಾನುವಾರದಿಂದ ರಂಗಲಕ್ಷ್ಮಮ್ಮನ ಟಿಫನ್ ಕ್ಯಾರಿಯರ್ ಹೊರುವ ಕೆಲಸ ಅವನದಾಯಿತು. ಅವಳು ಒಳಗೆ, ಅವನು ಗೇಟಿನಲ್ಲಿ. ಹೋಗುವ ಬಸ್ಸಿನಲ್ಲಿ ಕ್ಷಮಾಪಣೆ ಅಭ್ಯಾಸ ಮಾಡಲು ಕಂಡಕ್ಟರನನ್ನೇ ತ್ರಿವೇಣಿ ಎಂದುಕೊಳ್ಳುತ್ತಿದ್ದ. "ಕ್ಷಮಿಸ್ದೆ, ಟಿಕೆಟ್ ತಗೊಳ್ಳಿ," ಎನ್ನುತ್ತಿದ್ದ ಕಂಡಕ್ಟರು.

ಆರನೇ ತಿಂಗಳು ತ್ರಿವೇಣಿ ತಾನೇ ಗೇಟಿನವರೆಗೆ ಬಂದಳು. ಬೆಟ್ಟಯ್ಯ ಕಣ್ಣೊರೆಸಿಕೊಳ್ಳಲು ಕೈಯೆತ್ತಿದ. ಹುಡುಗಿ ತಲೆಗೆ ಕೈ ಅಡ್ಡ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕಂಡಕ್ಟರಿಗೆ ಒಪ್ಪಿಸಿದ್ದೆಲ್ಲ ಮರೆತುಹೋಯಿತು.

"ಶಿಸ್ತೂ ಅಲ್ಲ, ಏನೂ ಅಲ್ಲ ಕಣವ್ವ. ನನ್ ಕೋಪ ತೀರ್ಸ್ಕೊಂಡೆ. ತಪ್ಪಾಯ್ತು."

ತ್ರಿವೇಣಿ ಅಂಜನಪ್ಪನ ಹತ್ತಿರ ಕಾರ್ಡು ಕೇಳಿ ತೆಗೆದುಕೊಂಡು ಏನೋ ಬರೆದಳು.

"ಪೆನ್ಸಿಲಲ್ಲಿ ಬರ್ದಿದೀನಿ ಮಾವ. ಬೇಕಾದ್ರೆ ಅಳಿಸ್ಬೋದು."

ಬೆಟ್ಟಯ್ಯ ಕಟ್ಟಿದ ಕೈ ಬಿಡದೆಯೇ, ಆಗಲಿ ಎಂದು ತಲೆಯಾಡಿಸಿದ.