ತೂಕ ಕೂಗಬ್ಯಾಡ ಅಪ್ಪಾ

ನಮ್ಮಪ್ಪ ಯಾರನ್ನ ನೋಡಿದ್ರೂ ಮೊದಲು ಮುಖ ನೋಡಂಗಿಲ್ಲ, ತೂಕ ನೋಡ್ತಾನ. ಆದೋನಿ ಹತ್ತಿ ಮಾರ್ಕೆಟ್ಟಿನಾಗ ಮೂವತ್ತೈದು ವರ್ಷ ತೂಕ ಹಾಕಿದ ಮನುಷ್ಯ. ಹತ್ತಿ ಚೀಲ ಕಾಟಾದ ಮ್ಯಾಲೆ ಇಡೋಕಿಂತ ಮೊದ್ಲ ಅದರ ಹೊಟ್ಟಿ ನೋಡಿ ಇಂತಿಷ್ಟು ಅಂತ ಹೇಳಿಬಿಡ್ತಿದ್ದ, ಕಾಟಾ ಆಮ್ಯಾಲೆ ಹೌದು ಅಂತಿತ್ತು. ಮದುವಿಗೆ ಹೋದ್ರೂ ಸುಮ್ಮನಿರಂಗಿಲ್ಲ. "ಮದುಮಗ ಐವತ್ತೆಂಟು ಅದಾನ, ಕೋಟು ಹಾಕ್ಕೊಂಡಿದ್ದಕ್ಕ ಅರವತ್ತು ಕಾಣ್ತಾನ" ಅಂತ ಅವ್ವನ ಕಿವ್ಯಾಗ ಹೇಳಿ ಬೈಸಿಕೊಂತಾನ.

ಆ ಕೆಲಸದಾಗ ಒಂದು ರಿವಾಜು ಐತಿ. ತೂಕ ಹಾಕಿದಾವ ಅದನ್ನ ಗಟ್ಟಿಯಾಗಿ ಕೂಗಬೇಕು. ಮಾರೋ ರೈತಗೂ ಕೇಳಬೇಕು, ಕೊಳ್ಳೋ ಸಾವುಕಾರಗೂ ಕೇಳಬೇಕು. ಮೆಲ್ಲಗ ಹೇಳಿದ್ರ ಒಳಗ ಏನೋ ಮಸಲತ್ತು ನಡದೈತಿ ಅಂತ ಮಂದಿ ತಿಳ್ಕೊಂತಾರ. ನಮ್ಮಪ್ಪ ಕೂಗಿದ್ರ ಯಾರ್ಡಿನ ಆಚಿ ಗೇಟಿಗೆ ಕೇಳತಿತ್ತು. ಕೆಲಸ ಬಿಟ್ಟು ಆರು ವರ್ಷಾತು, ಇವತ್ತಿಗೂ ಮನಿಗೆ ಉಳ್ಳಾಗಡ್ಡಿ ತಂದ್ರ ಕೈಯಾಗ ಎತ್ತಿ ನೋಡಿ ಓಣಿಗೆಲ್ಲಾ ಕೇಳೋಹಂಗ ತೂಕ ಹೇಳ್ತಾನ.

ಇಂಥಾವನ ಹೊಟ್ಟ್ಯಾಗ ಹುಟ್ಟಿ ನನಗ ನನ್ನ ತೂಕದ್ದ ನಾಚಿಕಿ. ಏನು ಹೇಳ್ಲಿ!

ನಾಲ್ಕು ವರ್ಷದ ಹಿಂದ ಹಿಂಗಿರಲಿಲ್ಲ. ಆಗ ನನಗ ಟಿಬಿ ಆಗಿತ್ತು. ಒಣ ಕೆಮ್ಮು, ಸಂಜೀ ಜ್ವರ, ಮಲಗಿದ ಹಾಸಿಗಿ ತೋಯೋಹಂಗ ಬೆವರು. ಬಳ್ಳಾರಿ ಆಸ್ಪತ್ರಿಗೆ ಹೋಗೋದು ಬರೋದು ಆರು ತಿಂಗಳು ನಡೀತು. ಮೂವತ್ತೊಂಬತ್ತು ಕಿಲೋಕ್ಕ ಬಂದಿದ್ದೆ, ಕೈಯಾಗಿನ ಬಳಿ ಮೊಣಕೈತನಕ ಜಾರತಿದ್ವು. ಗಂಡಗ ರಜಾ ಸಿಗದಾಗ ನಮ್ಮಪ್ಪನ ನನ್ನ ಎತ್ತಿ ಆಟೋದಾಗ ಕುಂದ್ರಿಸತಿದ್ದ. ಎತ್ತುವಾಗ ಒಂದು ದಿನಾನೂ ಎಷ್ಟದೀ ಅಂತ ಹೇಳಲಿಲ್ಲ. ಆದೋನಿ ಹತ್ರ ಪೆದ್ದಕಡುಬೂರು ಕಡಿ ಒಂದು ಹಳ್ಳಿಯಾಗ ನಮ್ಮ ಮನಿ ದೇವರ ಗುಡಿ ಐತಿ. ಆ ದೇವರಿಗೆ ಹರಕಿ ಹೊತ್ತ: ಮಗಳು ಮೈ ತುಂಬಿ ಎದ್ದು ಬಂದ್ರ ಆಕಿ ತೂಕದಷ್ಟು ಬೆಲ್ಲ ತೂಗ್ತೀನಿ.

ಎದ್ದೆ. ಬರೇ ಏಳಲಿಲ್ಲ, ಉಕ್ಕಿದೆ. ಶೇಂಗಾ ಹೋಳಿಗಿ, ತುಪ್ಪ, ಮೊಸರು ಅಂತ ಅವ್ವ ತಿನ್ನಿಸಿದ್ದೇ ತಿನ್ನಿಸಿದ್ದು. ನಾನೇನು ಬ್ಯಾಡ ಅಂದಾಕಿ ಅಲ್ಲ ಬಿಡ್ರಿ.

ಆದೋನಿ ಹತ್ರದ ಆಲೂರಿನ ಸರಕಾರಿ ಆಫೀಸಿನಾಗ ನನಗ ಕೆಲಸ. ಅಲ್ಲೊಬ್ರ ಬೀಳ್ಕೊಡುಗಿ ಆತು, ಎಲ್ಲಾರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡ್ವಿ. ಫೋಟೋ ಫೋನಿಗೆ ಬಂದಾಗ ಒಬ್ಬಾವ ಅಂದ, "ಮೇಡಂ ಇಬ್ಬರ ಜಾಗ ಹಿಡಿದಾರ." ಎಲ್ಲಾರೂ ನಕ್ರು, ನಾನೂ ನಕ್ಕೆ. ಮನಿಗೆ ಬಂದು ಆ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ಅವನ ಮುಖಕ್ಕ ಏನರ ಅನ್ನಬೇಕಿತ್ತು ಅಂತ ಈಗಲೂ ಸಿಟ್ಟು ಬರ್ತೈತಿ.

ಆವತ್ತಿನಿಂದ ಫೋನಿನಾಗ ಸಣ್ಣಗಾಗೋ ವಿಡಿಯೋ ನೋಡಾಕ ಹತ್ತಿದೆ. ಈ ಫೋನ್ ಅನ್ನೋದು ಭಾಳ ಚಾಡಿಕೋರ, ಒಂದು ನೋಡಿದ್ರ ಸಾಕು, ನಾಳಿಗೆ ನೂರು ತಂದು ಮುಂದ ಇಡ್ತೈತಿ. ಎಡಕ್ಕ ದಪ್ಪನ್ನ ಫೋಟೋ, ಬಲಕ್ಕ ತೆಳ್ಳನ್ನ ಫೋಟೋ. ಎಡಗಡಿ ಇದ್ದಾಕಿ ಅಳುಮೋರಿ, ಬಲಗಡಿ ಆಕಿನ ನಗ್ತಾಳ. ಅವರೊಳಗ ಒಬ್ಬಾಕಿ ಹುಡುಗಿ ತೆಲುಗಿನಾಗ ಹೇಳ್ತಿದ್ಲು. ಹೊಟ್ಟಿ ನೋಡಿದ್ರ ರೊಟ್ಟಿ ಬಡಿಯೋ ಕಲ್ಲಿನಂಗ ಸಪಾಟು. ದಿನಾ ಬೆಳಿಗ್ಗೆ ಬೊಟ್ಟು ಮಾಡಿ, "ಸಾಕುಲು ಚೆಪ್ಪಕಂಡಿ ಅಕ್ಕಾ" ಅಂತಿದ್ಲು, ನೆಪ ಹೇಳಬ್ಯಾಡ್ರಿ ಅಂತ. ನಾನು ನೆಪ ಹೇಳ್ತೀನಂತ ಆಕಿಗೆ ಹೆಂಗ ಗೊತ್ತಾತೋ! ಒಮ್ಮೊಮ್ಮೆ ಆಕೀನ್ನ ನೋಡಿ ಕರುಳು ಚುರ್ರ್ ಅಂತಿತ್ತು. ಯಾರ ಮಗಳೋ ಏನೋ, ಪಾಪ, ಒಂದು ಬಿಸಿ ರೊಟ್ಟಿ ಬೆಣ್ಣಿ ಕೊಡೋಣ ಅನಿಸತಿತ್ತು.

ಆಕಿ ಹೇಳಿದ್ದನ್ನೆಲ್ಲಾ ಮಾಡಿದೆ. ರೊಟ್ಟಿ ಬಿಟ್ಟೆ, ಅನ್ನ ಬಿಟ್ಟೆ, ಜೀರಿಗಿ ನೀರು ಕುಡಿದೆ, ವಾರಕ್ಕೊಮ್ಮೆ ಕದ ಹಾಕ್ಕೊಂಡು ತೂಕದ ಮಷೀನ್ ಹತ್ತಿ ನೋಡಿದೆ. ಮಾಳಿಗಿ ಮ್ಯಾಲೆ ಬೋರಲು ಬಿದ್ದು ಮೊಣಕೈ ಊರಿ ಮೈ ಎತ್ತಿ ಹಿಡಿಯೋ ಒಂದು ಕಸರತ್ತು ಐತಿ, ಅದನ್ನೂ ಮಾಡಿದೆ. ಬಾಜೂ ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಹರವತಿದ್ದ ಮುದುಕಿ ನೋಡಿ, "ಯವ್ವಾ, ಬಿದ್ದೀಯೇನಬೇ? ಯಾರನ್ನರ ಕರೀಲೇನು?" ಅಂತ ಒದರಿದ್ಲು. ನಗು ತಡೀಲಾರದ ಖರೇನ ಬಿದ್ದೆ.

ಇತ್ತ ನಮ್ಮಪ್ಪ ಹರಕಿ ತೀರಿಸೋಣ, ಬಾರವಾ ಅಂತ ಬೆನ್ನು ಹತ್ತಿದ್ದ. ಬ್ಯಾಸಗಿ ಆಗ್ಲಿ, ಮಳಿ ಆಗ್ಲಿ ಅಂತ ನಾನು ಮುಂದಕ್ಕ ಹಾಕ್ಕೊಂತ ಬಂದಿದ್ದೆ. ಯಾಕಂದ್ರ ಆ ಗುಡ್ಯಾಗ ತುಲಾಭಾರದ ತಕ್ಕಡಿ ಅಂಗಳದ ನಟ್ಟನಡುವ ತೂಗಹಾಕ್ಯಾರ. ಒಂದು ಪರಡಿಯಾಗ ನಾನು, ಇನ್ನೊಂದರಾಗ ಬೆಲ್ಲ. ಬೆಲ್ಲದ ಅಚ್ಚು ಒಂದೊಂದು ಕಿಲೋದವು, ನಮ್ಮಪ್ಪ ಒಂದೊಂದೇ ಇಡ್ತಾ ಕೂಗ್ತಾನ. ಊರ ಮಂದಿ, ಯಾರ್ಡಿನ ಅವನ ಹಳೇ ಜೊತಿಗಾರರು, ಎಲ್ಲಾರ ಮುಂದ ನನ್ನ ಮೈ ಲೆಕ್ಕ! ನೆನಸಿದ್ರ ಮೈ ಬೆವರತಿತ್ತು.

ಕಡೀಕ ಅವನೇ ಒಂದು ದಿನ ಗೊತ್ತು ಮಾಡಿಬಿಟ್ಟ. ಫೋನ್ ಮಾಡಿ ಹೇಳಿದೆ, "ಬರ್ತೀನಿ. ಆದ್ರ ನೀ ತೂಕ ಕೂಗಬ್ಯಾಡ ಅಪ್ಪಾ."

"ಕೂಗದ ತೂಗೋದಂದ್ರ ಏನವಾ? ನೀನೇನು ಕಳವಿನ ಮಾಲೇನು?"

"ಕೂಗಿದ್ರ ನಾ ಕುಂದ್ರಂಗಿಲ್ಲ."

"ಆತು ಬಿಡವಾ, ಬಾಯಿ ಮುಚ್ಚಿಕೊಂಡು ತೂಗ್ತೀನಿ" ಅಂದ. ದನಿ ಸಣ್ಣಗಾಗಿತ್ತು. ನನಗ ಗೆದ್ದಂಗಾತು ನೋಡ್ರಿ, ಅಂಥಾ ಮಗಳು ನಾನು.

ಯುಗಾದಿಗೆ ತವರಿಗೆ ಹೋಗಿದ್ದೆ, ಆಗ ನಮ್ಮಪ್ಪ ನನ್ನ ನೋಡಿದ್ದು. ಆ ಮ್ಯಾಲೆ ಎರಡೂವರಿ ತಿಂಗಳು ಆದೋನಿ ಕಡೀ ತಲಿ ಹಾಕಿರಲಿಲ್ಲ. ಹೋದ್ರ ಅವ್ವ ತಿನ್ನಿಸದ ಬಿಡಂಗಿಲ್ಲ ಅಂತ ಆಫೀಸಿನ ಕೆಲಸದ ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದೆ. ಯುಗಾದಿಗೆ ನೋಡಿದ ಅಂದಾಜಿನ ಮ್ಯಾಲೆನ ಅವ ಬೆಲ್ಲ ಆರಿಸಿ ಕಟ್ಟಿಸಿ ಇಟ್ಟಿದ್ದ ಅನ್ನೋದು ನನಗ ಗೊತ್ತಿರಲಿಲ್ಲ.

ಹರಕಿ ದಿನ ಮುಂಜಾನೆ ಗುಡಿಗೆ ಹೋದ್ವಿ. ಅವ್ವ ನೋಡಿದಾಕಿನ, "ಯಾಕ ಹಿಂಗ ಸೊರಗೀ?" ಅಂದ್ಲು, ಬಿಸಲಿಗೆ ಅಂತ ಹಾರಿಸಿದೆ. ಹೊಸ ಸೀರಿ ಸೆರಗು ಮೈತುಂಬ ಹೊದ್ದು ಪರಡಿಯಾಗ ಕುಂತೆ. ಪೂಜಾರಿ ಗಂಟಿ ಬಾರಿಸಿದ. ನಮ್ಮಪ್ಪ ಮಾತು ಉಳಿಸಿಕೊಂಡ. ಒಂದೊಂದೇ ಅಚ್ಚು ಎತ್ತಿ ಹಣೀಗೆ ಮುಟ್ಟಿಸಿ ಇಡತಿದ್ದ, ತುಟಿ ಅಷ್ಟ ಅಲ್ಲಾಡತಿತ್ತು. ಅವನ ಜೊತಿಗಾರರು ಒಬ್ಬರ ಮುಖ ಒಬ್ಬರು ನೋಡಿದ್ರು. ಇಷ್ಟು ವರ್ಷದಾಗ ಅವ ಸುಮ್ಮನ ತೂಗಿದ್ದು ಅವರೂ ನೋಡಿರಲಿಲ್ಲ.

ನನ್ನ ಪರಡಿ ಮ್ಯಾಲೆ ಎದ್ದುಬಿಡ್ತು. ಹಗುರಾಗೀನಿ ಅಂತ ಒಳಗೊಳಗ ಹಿಗ್ಗಿ ಕೆಳಗ ನೋಡಿದ್ರ, ಬುಟ್ಟಿಯಾಗ ಇನ್ನೂ ಒಂಬತ್ತು ಅಚ್ಚು ಉಳಿದಿದ್ವು.

"ಏಮೈಂದಿ ಪೆದ್ದಾಯನಾ?" ಅಂದ ಹಳೇ ಹಮಾಲ ಒಬ್ಬಾವ, ಏನಾತು ಹಿರಿಯಾ ಅಂತ. "ನಿನ್ನ ಕಣ್ಣು ಅರ್ಧ ಕಿಲೋ ತಪ್ಪಿದ್ದಿಲ್ಲ, ಈಗ ಒಂಬತ್ತು ತಪ್ಪಿತಲ್ಲೋ!" ನಾಲ್ಕೈದು ಮಂದಿ ನಕ್ರು.

ನಮ್ಮಪ್ಪ ನಗಲಿಲ್ಲ. ಬುಟ್ಟಿ ನೋಡಿದ, ನನ್ನ ನೋಡಿದ. ಮುಖದಾಗಿನ ರಕ್ತ ಇಳಿದುಹೋತು. ಹತ್ತಿರ ಬಂದು ನನ್ನ ಮುಂಗೈ ಹಿಡಿದು, ಬಳಿ ಮ್ಯಾಲಕ್ಕ ಸರಿಸಿ ನೋಡಿದ. ಸರಳ ಜಾರಿತು. ಆಮ್ಯಾಲೆ ತಿರುಗಿ ಎಲ್ಲಾರಿಗೂ ಕೇಳೋಹಂಗ ಅಂದ, "ವಯಸ್ಸಾತ್ರಪಾ, ಕಣ್ಣು ಹೋದ್ವು. ನಂದ ತಪ್ಪು."

ಮೂವತ್ತೈದು ವರ್ಷ ತಪ್ಪು ತೂಕ ಅಂತ ಒಬ್ಬರ ಬಾಯಿಲೆ ಅನ್ನಿಸಿಕೊಳ್ಳದ ಮನುಷ್ಯ, ನನ್ನ ಮರ್ಯಾದಿ ಸಲುವಾಗಿ ತನ್ನ ಮರ್ಯಾದಿ ಅಂಗಳದಾಗ ಇಟ್ಟುಬಿಟ್ಟ. ನನಗ ನನ್ನ ಮ್ಯಾಲೆನ ಹೇಸಿಗಿ ಬಂತು.

ಪರಡಿಯಾಗ ನಿಂತಕೊಂಡೆ. ಸರಪಳಿ ಹಿಡಿದು, ಅವನ ಮಗಳು ಅಂತ ಗೊತ್ತಾಗೋಹಂಗ ಕೂಗಿದೆ: "ನಮ್ಮಪ್ಪನ ಕಣ್ಣು ತಪ್ಪಿಲ್ರಿ! ಯುಗಾದಿಗೆ ನಾನು ಎಪ್ಪತ್ತೆರಡು ಕಿಲೋ ಇದ್ದೆ! ರೊಟ್ಟಿ ಬಿಟ್ಟು, ಕಸರತ್ತು ಮಾಡಿ ಅರವತ್ಮೂರಕ್ಕ ಬಂದೀನಿ! ಎಪ್ಪತ್ತೆರಡು ಅಚ್ಚು ತಂದಿದ್ರ ಅದ ಸರಿ ಲೆಕ್ಕ!"

"ಎಪ್ಪತ್ತೆರಡ ಅದಾವ, ನಾನ ಎಣಿಸಿ ಬುಟ್ಟಿಗೆ ಹಾಕೀನಿ" ಅಂದ ಹಮಾಲ, ನಾಲಿಗಿ ಕಚ್ಚಿಕೊಂಡು.

ನಮ್ಮಪ್ಪಗ ಅದು ಕೇಳಿಸಲೇ ಇಲ್ಲ. ಪರಡಿ ಹತ್ತಿರ ಬಂದು ಮೆಲ್ಲಗ ಕೇಳಿದ, "ಕೆಮ್ಮು ಐತೇನವಾ?"

"ಇಲ್ಲಪ್ಪಾ."

"ಸಂಜೀ ಮುಂದ ಜ್ವರ?"

"ಇಲ್ಲ."

"ಬೆವರು? ಹಾಸಿಗಿ ತೋಯ್ತೈತೇನು? ಸುಳ್ಳು ಹೇಳಬ್ಯಾಡ."

"ಏನೂ ಇಲ್ಲಪ್ಪಾ. ನಾನ ಬೇಕಂತ ಇಳಿಸೀನಿ. ಬ್ಯಾನಿ ಅಲ್ಲ."

"ಬೇಕಂತನ?"

"ಹೂಂ. ಬೇಕಂತನ."

ಅವ ಹಿಂದಕ್ಕ ಸರಿದು ಗುಡಿ ಕಟ್ಟಿ ಮ್ಯಾಲೆ ಕುಂತ. ಹೆಗಲ ಮ್ಯಾಲಿನ ಟವಲು ಮುಖಕ್ಕ ಒತ್ತಿಕೊಂಡ. ಬಳ್ಳಾರಿ ಆಸ್ಪತ್ರಿಯಾಗ ಆರು ತಿಂಗಳು ಕಣ್ಣಾಗ ಒಂದು ಹನಿ ತರದಿದ್ದಾವ, ನಾನು ಆರಾಮದೀನಿ ಅಂತ ಗೊತ್ತಾದ ಮ್ಯಾಲೆ, ಅಷ್ಟೂ ಮಂದಿ ಮುಂದ ಸಣ್ಣ ಹುಡುಗನಂಗ ಅತ್ತ.