ದೇವರ ಕೋಣೆಯಲ್ಲಿಟ್ಟ ಮಾಲು

ಸೊಲ್ಲಾಪುರದ ನಮ್ಮ ಓಣಿಯ ಅಂಗಡಿಕಾರನಿಗೆ ಕಾಗದ ಸುತ್ತುವುದರಲ್ಲಿ ತನ್ನದೇ ಒಂದು ಶಾಸ್ತ್ರವಿದೆ. ಇಲಿಪಾಷಾಣವನ್ನು ಬರಿಗೈಯಲ್ಲೇ ಎತ್ತಿ ಕೊಡುತ್ತಾನೆ. ಬೀಡಿಕಟ್ಟು, ಜಿರಲೆ ಔಷಧ, ಕಕ್ಕಸು ತೊಳೆಯುವ ಸೀಸೆ ಎಲ್ಲವೂ ಹಾಡಹಗಲೇ ಹತ್ತು ಜನರೆದುರು ಕೈ ಬದಲಾಗುತ್ತವೆ. ಮುಟ್ಟಿನ ಪ್ಯಾಡು ಕೇಳಿದರೆ ಮಾತ್ರ ಮಾತು ನಿಲ್ಲಿಸಿ, ಗೋಡೆಯತ್ತ ತಿರುಗಿ, ನಿನ್ನೆಯ ಮರಾಠಿ ಪತ್ರಿಕೆಯ ಹಾಳೆಯೊಂದನ್ನು ಹರಿದು, ನಾಲ್ಕೂ ಮೂಲೆ ಮಡಿಸಿ, ದಾರ ಸುತ್ತಿ, ಮದುವೆಯ ಮುಯ್ಯಿ ಕಟ್ಟುವಷ್ಟು ಶ್ರದ್ಧೆಯಿಂದ ಕಟ್ಟುತ್ತಾನೆ. ಮೊಮ್ಮಗಳಿಗಾಗಿ ಕೊಳ್ಳುವ ನಾನು ಅರವತ್ತು ದಾಟಿದವಳು. ನನ್ನ ಮಾನ ಕಾಯುವ ಭಾರವನ್ನು ಈ ಪುಣ್ಯಾತ್ಮ ಯಾಕೆ ಹೊತ್ತನೋ ತಿಳಿಯದು. ‘ಕಾಗದ ಬ್ಯಾಡಪಾ, ಹಂಗ ಕೊಡು’ ಎಂದು ಪ್ರತಿ ತಿಂಗಳೂ ಅಂಗಡಿಗೆಲ್ಲ ಕೇಳುವಂತೆ ಹೇಳುತ್ತಿದ್ದೆ. ಹಾಗೆ ಹೇಳುವಾಗ ನನ್ನ ಕತ್ತು ಒಂದು ಗೇಣು ಉದ್ದವಾಗುತ್ತಿತ್ತೆಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಕತ್ತು ಉದ್ದವಾಗಲು ಕಾರಣವಿತ್ತು. ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಬದುಕಿಡೀ ಮಗ್ಗಿ ಹೇಳಿಸಿ ನಿವೃತ್ತಳಾದ ಮೇಲೆ, ಹಳ್ಳಿಯ ಹೆಂಗಸರಿಗೆ ಪ್ಯಾಡು ಮಾರುವ ಸಣ್ಣ ವ್ಯಾಪಾರ ಕಲಿಸುವ ಸಂಸ್ಥೆಯೊಂದು ನನ್ನನ್ನು ಕರೆಯಿತು. ಅವರ ಕೈಪಿಡಿ ಮರಾಠಿಯಲ್ಲಿತ್ತು, ಕರಜಗಿಯ ಕಡೆಯ ಹೆಂಗಸರ ಮಾತು ಕನ್ನಡದಲ್ಲಿತ್ತು, ನಡುವೆ ಸೇತುವೆಯಾಗಿ ನಾನು. ಮಾಲನ್ನು ಒದ್ದೆಯಾಗದ ಸ್ವಚ್ಛ ಜಾಗದಲ್ಲಿಡಿ ಎಂಬ ಒಂದು ಸಾದಾ ವಾಕ್ಯ ಅದರಲ್ಲಿತ್ತು. ಕನ್ನಡ ಕಲಿಸಿದ ನಾಲಿಗೆಗೆ ಅಷ್ಟರಿಂದ ತೃಪ್ತಿಯಾದೀತೆ? ‘ಶುಚಿಯಾದ, ಶುಷ್ಕವಾದ, ಸುರಕ್ಷಿತವಾದ ಸ್ಥಳದಲ್ಲಿ’ ಎಂದು ಪ್ರಾಸ ಜೋಡಿಸಿ, ಮೂರು ಸಲ ಗಟ್ಟಿಯಾಗಿ ಹೇಳಿಸಿ, ನನ್ನ ಅನುವಾದಕ್ಕೆ ನಾನೇ ತಲೆದೂಗಿದೆ.

ಅತಿ ಗಟ್ಟಿಯಾಗಿ ಹೇಳಿದವಳು ಮಾಳವ್ವ. ಕರಜಗಿಯ ಕುರಿಗಾರರ ಮನೆಯ ಸೊಸೆ, ಮೂವತ್ತೆರಡರ ಹೆಣ್ಣು. ಗಂಡ ಸೊಲ್ಲಾಪುರದ ಬಳಿಯ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ, ವಾರಕ್ಕೊಮ್ಮೆ ಎಸ್‌ಟಿ ಬಸ್ಸು ಹಿಡಿದು ಬರುತ್ತಾನೆ. ತನ್ನದೆಂಬ ಒಂದು ಕೆಲಸ ಬೇಕು, ಮಗಳು ಒಂಬತ್ತನೆಯ ತರಗತಿಗೇ ಸಾಲಿ ಬಿಡಬಾರದು ಎಂಬುದೇ ಅವಳ ಹಟ. ಅವಳು ಪಾಠವನ್ನು ಅಕ್ಷರಶಃ ಪಾಲಿಸಿದಳು. ಒಂದು ಕೋಣೆಯಲ್ಲಿ ಜೋಳದ ಚೀಲ, ಇಲಿ, ಪಡಸಾಲೆಯಲ್ಲಿ ಕುರಿಮರಿ. ಇನ್ನು ಆ ಮನೆಯಲ್ಲಿ ಶುಚಿಯೂ ಶುಷ್ಕವೂ ಸುರಕ್ಷಿತವೂ ಆದ ಸ್ಥಳ ಒಂದೇ: ಕುಲದೇವರು ಬೀರೋಬನ ಕಂಬಳಿ, ಅರಿಸಿನಪುಡಿಯ ಭಂಡಾರದ ಬಟ್ಟಲು ಇಟ್ಟಿದ್ದ ದೇವರ ಕೋಣೆ. ಅತ್ತೆಯೂ ದೊಡ್ಡ ಮನಸ್ಸು ಮಾಡಿ, ಹೊಸ ಮಾಲು ಎಂದು ರಟ್ಟಿನ ಪೆಟ್ಟಿಗೆಗೆ ಭಂಡಾರ ಹಚ್ಚಿ, ಕಾಯಿ ಒಡೆದು ಒಳಗಿಡಿಸಿದಳು. ಈ ಸುದ್ದಿ ಕೇಳಿ ನಾನು ಸೊಲ್ಲಾಪುರದ ಕಚೇರಿಯಲ್ಲಿ ಎಲ್ಲರಿಗೂ ಹೇಳಿ ನಕ್ಕಿದ್ದೆ, ಪರಂಪರೆಯೂ ಪ್ರಗತಿಯೂ ಕೈಕೈ ಹಿಡಿದಿವೆ ಎಂದು ವರದಿಯನ್ನೂ ಬರೆದಿದ್ದೆ.

ಎರಡು ತಿಂಗಳ ನಂತರ ಕರಜಗಿಗೆ ಹೋದಾಗ ಮಾಳವ್ವ ಹಟ್ಟಿಯ ಪಕ್ಕದ ತಗಡಿನ ನೆರಳಲ್ಲಿ ಗೋಣಿಚೀಲದ ಮೇಲೆ ಕೂತಿದ್ದಳು. ಹೊರಗಾಗಿದ್ದಳು. ಬೇಲಿಯ ಮೇಲೆ ಒಂದು ಗೋಣಿತಟ್ಟು, ಅದರ ಕೆಳಗೆ ಬಿಸಿಲು ಕಾಣದಂತೆ ಒಣಗಲು ಹಾಕಿದ ಹಳೆಯ ಸೀರೆಯ ತುಂಡುಗಳು. ಒಳಗೆ ಪೆಟ್ಟಿಗೆ ತುಂಬ ಪ್ಯಾಡು, ಹೊರಗೆ ಹಸಿಬಟ್ಟೆಯಲ್ಲಿ ಅದರ ಒಡತಿ. ಭಂಡಾರ ಹಚ್ಚಿದ ಪೆಟ್ಟಿಗೆಯನ್ನು ದೇವರ ಮುಂದಿನಿಂದ ಹೊರಗೆಳೆಯಲು ಅತ್ತೆ ಒಪ್ಪಳು. ಆ ವಸ್ತುವನ್ನು ತಾನೇ ಕೈಯಾರೆ ತೆಗೆದು ಕೊಡಲೂ ಒಲ್ಲಳು.

‘ನಾಕ ದಿನಾ ಧಂದಾ ಬಂದ್ ಬೀಳತೈತ್ರಿ ಅಕ್ಕೋರ. ಬೇಕಾದವ್ರು ಬಂದು ಹೊಳ್ಳಿ ಹೋಗ್ತಾರ. ಈ ಸಲ ಲಗೂನ ಆತು, ನನಗ ಸೈತ ಒಂದ ಪುಡಕಿ ತಗದಿಟ್ಟಿರಲಿಲ್ಲ’ ಎಂದಳು.

ಆ ಗಳಿಗೆಯಲ್ಲಿ ನಾನು ಒಳಗೆ ಹೋಗಿ ಅತ್ತೆಯೊಡನೆ ಕೂತು ಮಾತಾಡಬೇಕಿತ್ತು. ಪೆಟ್ಟಿಗೆಗೆ ಬೇರೆ ಜಾಗ ಹುಡುಕಬೇಕಿತ್ತು. ಏನಿಲ್ಲದಿದ್ದರೆ ಒಂದು ಪೊಟ್ಟಣವನ್ನಾದರೂ ತಂದು ಅವಳ ಕೈಗಿಡಬೇಕಿತ್ತು. ನನಗೆ ಅಕ್ಕಲಕೋಟೆಯ ಬಸ್ಸಿನ ಚಿಂತೆ. ‘ಧಂದಾದಾಗ ಸೂಟಿ ಇರೂದಿಲ್ಲವಾ ಮಾಳವ್ವ, ಹೆಂಗರ ಮಾಡಿ ಹಾದಿ ಹುಡುಕು’ ಎಂದು ನಗುತ್ತ ಬೆನ್ನು ತಟ್ಟಿ, ಮುಟ್ಟಾದವಳನ್ನು ಮುಟ್ಟಿದೆನೆಂಬ ಧನ್ಯತೆಯಿಂದ ಬಸ್ಸು ಹತ್ತಿದೆ.

ನಾಲ್ಕು ತಿಂಗಳಾದ ಮೇಲೆ ಅವಳ ಫೋನು ಬಂತು. ದನಿಯಲ್ಲಿ ಪಾಸಾದ ವಿದ್ಯಾರ್ಥಿನಿಯ ಉತ್ಸಾಹ.

‘ಹಾದಿ ಹುಡುಕೀನ್ರಿ ಅಕ್ಕೋರ. ಗರ್ಭಚೀಲ ತಗಸಿಬಿಟ್ಟೀನಿ. ಇನ್ನ ಒಂದ ದಿನಾನೂ ಬಂದ್ ಇಲ್ಲ ನೋಡ್ರಿ.’

ಹೊಟ್ಟೆನೋವೆಂದು ಯಾವುದೋ ಖಾಸಗಿ ದವಾಖಾನೆಗೆ ಹೋದವಳಿಗೆ, ಎರಡು ಮಕ್ಕಳಾಗಿವೆ, ಇನ್ನು ಅದು ಯಾತಕ್ಕೆ ಎಂದು ಕೇಳಿದರಂತೆ; ಅವಳಿಗೂ ಅದು ಸರಿ ಎನಿಸಿತಂತೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವಳು. ಸಂಸ್ಥೆಗೆ ಸತ್ಯ ಹೇಳುವ ಧೈರ್ಯ ಮಾತ್ರ ನನಗೆ ಹುಟ್ಟಲಿಲ್ಲ. ವರ್ಷದ ಕೊನೆಗೆ ಸೊಲ್ಲಾಪುರದ ಸಭೆಯಲ್ಲಿ ಅವಳಿಗೆ ಶಾಲು ಹೊದಿಸಿದಾಗ, ಒಂದು ದಿನವೂ ಬಾಗಿಲು ಮುಚ್ಚದ ಆದರ್ಶ ಉದ್ಯಮಿ ಎಂದು ಹೊಗಳಿ ಭಾಷಣ ಮಾಡಿದವಳೂ ನಾನೇ. ಮಾಳವ್ವ ವೇದಿಕೆಯ ಮೇಲೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು. ಆಪರೇಷನ್ನಿನ ನಂತರ ಮೈ ಉರಿಯುತ್ತದೆ, ಸೊಂಟ ಹಿಡಿಯುತ್ತದೆ, ಪೆಟ್ಟಿಗೆ ಎತ್ತಲು ಮಗಳೇ ಬೇಕು.

ಕಳೆದ ತಿಂಗಳು ಅಕ್ಕಲಕೋಟೆಯಲ್ಲಿ ಹೊಸ ತಂಡಕ್ಕೆ ತರಬೇತಿ. ಸಂಸ್ಥೆ ಮಾಳವ್ವನನ್ನೂ ಮಾದರಿಯೆಂದು ಕರೆಸಿತ್ತು. ಪ್ಯಾಡಿಗೆ ಕಾಗದ ಸುತ್ತಬಾರದೆಂದು ತೋರಿಸಲು ನಾನೊಂದು ಹಳೆಯ ಪತ್ರಿಕೆ ಒಯ್ದಿದ್ದೆ; ಸುತ್ತಿ, ಬಿಚ್ಚಿ, ಎಲ್ಲರನ್ನೂ ನಗಿಸಿದೆ. ಚಹದ ಬಿಡುವಿನಲ್ಲಿ ನೋಡುತ್ತೇನೆ, ನಾಲ್ಕೈದು ಹೆಂಗಸರು ಮಾಳವ್ವನನ್ನು ಸುತ್ತುವರಿದಿದ್ದಾರೆ. ಅವರಲ್ಲೊಬ್ಬಳು, ಇನ್ನೂ ಮೂವತ್ತೂ ತುಂಬದವಳು, ನನ್ನ ಪತ್ರಿಕೆಯ ಅಂಚು ಹರಿದು, ಪೆನ್ನು ಸಮೇತ ಅವಳತ್ತ ಚಾಚಿದ್ದಳು.

‘ದವಾಖಾನಿ ಹೆಸರ ಬರ್ದ ಕೊಡ್ರಿ ಅಕ್ಕಾ. ನಮ್ಮನ್ಯಾಗೂ ಹಂಗ ಐತಿ.’

ಮಾಳವ್ವ ನನ್ನ ಕಡೆ ನೋಡಿದಳು. ‘ಬರೀಲೇನ್ರಿ ಅಕ್ಕೋರ?’

ಆ ಚೂರನ್ನು ಆ ಹೆಂಗಸಿನ ಕೈಯಿಂದ ತೆಗೆದುಕೊಂಡು ನೆಲದ ಮೇಲೆ ಅವರ ನಡುವೆಯೇ ಕೂತೆ. ತಪ್ಪು ನನ್ನದೆಂದು ಶುರು ಮಾಡಿದೆ. ಪ್ರಾಸದ ಪಾಠ, ದೇವರ ಕೋಣೆ, ತಗಡಿನ ನೆರಳು, ನನ್ನ ಬಸ್ಸು, ನನ್ನ ಭಾಷಣ ಎಲ್ಲ ಹೇಳಿದೆ; ಕೆಡದ ಅಂಗವನ್ನು ಕೀಳಿಸಿಕೊಳ್ಳಬೇಡಿ, ಪೆಟ್ಟಿಗೆಯ ಜಾಗ ಬದಲಿಸೋಣ, ನಿಮ್ಮ ಅತ್ತೆಯರ ಮುಂದೆ ನಾನೇ ಬಂದು ಕೂರುತ್ತೇನೆ ಎಂದೆ. ಯಾರೂ ನಗಲಿಲ್ಲ. ಕೇಳುತ್ತ ಕೇಳುತ್ತ ಮಾಳವ್ವನ ಮುಖ ಬಣ್ಣಗೆಟ್ಟಿತು. ತಾನು ಗೆದ್ದದ್ದಲ್ಲ, ಕಳೆದುಕೊಂಡದ್ದೆಂದು ಅವಳಿಗೆ ತಿಳಿಸಿದವಳೂ ಹೀಗೆ ನಾನೇ ಆದೆ.

ಮೊನ್ನೆ ಅಂಗಡಿಗೆ ಹೋದಾಗ ಅಂಗಡಿಕಾರ ಎಂದಿನಂತೆ ಗೋಡೆಯತ್ತ ತಿರುಗಿ ಹಾಳೆ ಹರಿದ. ಬೇಡವೆಂದು ಈಗಲೂ ಹೇಳುತ್ತೇನೆ, ಆದರೆ ಕತ್ತು ಉದ್ದವಾಗುವುದಿಲ್ಲ. ಅವನು ಕಟ್ಟಿದ್ದು ಬರೀ ಪ್ಯಾಡಿನ ಪೊಟ್ಟಣ, ನಾನು ಶಾಲು, ಭಾಷಣ ಸುತ್ತಿ ಮುಚ್ಚಿದ್ದು ಒಂದು ಹೆಣ್ಣಿನ ಒಡಲು. ಹಾಳೆ ಹರಿಯುವ ಸದ್ದಿಗೆ ತರಬೇತಿಯ ದಿನ ಮಾಳವ್ವ ಎದ್ದು ಹೋಗುವಾಗ ಹೇಳಿದ ಮಾತು ನೆನಪಾಯಿತು.

‘ಇದನ್ನ ನೀವು ನಮ್ಮ ಹಟ್ಯಾಗ ಕುಂತು ಹೇಳಬೇಕಿತ್ರಿ ಅಕ್ಕೋರ. ಆವತ್ತ ಇನ್ನೊಂದ ಬಸ್ ಇತ್ತು.’